ಗೌರಿ ಹಬ್ಬಕ್ಕೆ ಮೂಸಿ ಮುಚ್ಚಿಟ್ಟ ಸೀಸೆಗಳು

ವೈನು ಹಳೆಯದಾದಷ್ಟೂ ಒಳ್ಳೆಯದು ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ನಮ್ಮ ಮನೆಯ ಅಟ್ಟದ ಮೇಲೆ, ಕಲ್ನಾರು ಶೀಟಿನ ಕೆಳಗೆ, ಒಂದು ಬೇಸಿಗೆ ಪೂರ್ತಿ ಕೂರಿಸಿಬಿಡುತ್ತಿದ್ದೆ. ಎಷ್ಟು ಒಳ್ಳೆಯವನಾಗಿ ಇಳಿದು ಬರುತ್ತಾನೆ ನೋಡೋಣ ಅಂತ. ಆ ಮಾತನ್ನು ನಂಬಿಕೊಂಡು ನಮ್ಮಪ್ಪ ಹತ್ತು ವರ್ಷ, ವರ್ಷಕ್ಕೊಂದರಂತೆ ಹತ್ತು ಸೀಸೆ ಎತ್ತಿಟ್ಟ. ಎತ್ತಿಟ್ಟಿದ್ದು ನನ್ನ ಅಕ್ಕನಿಗೆ. ಮನೆ ಬಿಟ್ಟು ಹೋದ ಮಗಳು ಒಂದಲ್ಲ ಒಂದು ದಿನ ಬಂದು ರುಚಿ ನೋಡುತ್ತಾಳೆ ಅಂತ. ಅವಳನ್ನು ಬಾ ಎಂದು ಕರೆಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ.

ನಮ್ಮದು ಯಲಹಂಕದಿಂದ ಹೆಸರಘಟ್ಟದ ಕಡೆಗೆ ಹೋಗುವಾಗ ಸಿಗುವ ಊರು. ಈಗ ಊರು ಅಂದರೆ ನಗುತ್ತಾರೆ, ಬಡಾವಣೆ ಅನ್ನಬೇಕಂತೆ. ಆಗ ನಮಗೆ ಮುಕ್ಕಾಲು ಎಕರೆ ನೀಲಿ ದ್ರಾಕ್ಷಿ ತೋಟ ಇತ್ತು. ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರ. ಬೀಜ ಇರುವ, ಸಿಪ್ಪೆ ದಪ್ಪನೆಯ ಹಣ್ಣು. ತಿಂದರೆ ನಾಲಿಗೆ ಒಂದು ಗಂಟೆ ನೀಲಿ. ವರ್ಷಕ್ಕೆ ಎರಡು ಬೆಳೆ, ಶಿವರಾತ್ರಿಯ ಹಿಂದೆ ಮುಂದೆ ಒಂದು, ಗೌರಿ ಹಬ್ಬದ ಹೊತ್ತಿಗೆ ಇನ್ನೊಂದು. ನನಗೆ ಹದಿನೈದು ತುಂಬುವಾಗ ಅಮ್ಮ ತೀರಿಹೋದಳು. ಅಕ್ಕನಿಗೆ ಆಗ ಹದಿನೆಂಟು. ಅಡುಗೆ, ಮನೆ, ನಾನು, ಅಪ್ಪ, ಎಲ್ಲ ಅವಳ ತಲೆಗೇ ಬಂತು.

ವೈನಿನ ಜಾಡಿಯೂ ಅವಳ ತಲೆಗೇ ಬಂತು. ಹಕ್ಕಿ ಕುಕ್ಕಿದ್ದು, ಬಿರುಕು ಬಿಟ್ಟಿದ್ದು, ವ್ಯಾಪಾರಿ ಬೇಡ ಅಂದಿದ್ದು, ಇಂಥ ಹಣ್ಣನ್ನೆಲ್ಲ ಎಸೆಯಲು ಅಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಹೆಸರಘಟ್ಟದ ತೋಟಗಾರಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ವೈನು ಮಾಡುವುದನ್ನು ಹೇಳಿಕೊಟ್ಟಿದ್ದರು. ಹಣ್ಣು ತೊಳೆದು ಒಣಗಿಸಿ, ಉಪ್ಪಿನಕಾಯಿಯ ದೊಡ್ಡ ಜಾಡಿಗೆ ಹಾಕಿ ಕೈಯಲ್ಲೇ ಹಿಸುಕಬೇಕು. ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟು. ಮೇಲೆ ಬಟ್ಟೆ ಕಟ್ಟಿ ಇಪ್ಪತ್ತೊಂದು ದಿನ, ದಿನಾ ಒಂದು ಸಲ ಮರದ ಸೌಟಿನಲ್ಲಿ ಕೈಯಾಡಿಸಬೇಕು. ಆಮೇಲೆ ಸೋಸಿ ಸೀಸೆಗೆ. ನೆಂಟರ ಮುಂದೆ ಅದರ ಹೆಸರು ದ್ರಾಕ್ಷಿ ರಸ. ಬಾಣಂತಿಯರಿಗೆ ರಕ್ತ ಆಗುತ್ತದೆ ಎಂದು ಊರಿನ ಹೆಂಗಸರು ಲೋಟ ಹಿಡಿದು ಬರುತ್ತಿದ್ದರು. ಬಾಣಂತಿಯ ಅತ್ತೆ, ಅತ್ತೆಯ ತಂಗಿ, ಎಲ್ಲರಿಗೂ ರಕ್ತ ಕಮ್ಮಿ.

ತಮಾಷೆ ಎಂದರೆ ಅಪ್ಪ ಅದರ ಒಂದು ತೊಟ್ಟನ್ನೂ ಬಾಯಿಗೆ ಬಿಟ್ಟವನಲ್ಲ. ನಮ್ಮ ತಾತ ಸಾರಾಯಿ ಕುಡಿದೇ ಸತ್ತವನು. ಅಜ್ಜಿಯ ತಲೆ ಮುಟ್ಟಿ ಅಪ್ಪ ಆಣೆ ಮಾಡಿದ್ದ. ಗುಜರಿಯಿಂದ ಬ್ರಾಂದಿ ಸೀಸೆ ತಂದು, ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದ, ತುಂಬುತ್ತಿದ್ದ, ಮೂಸುತ್ತಿದ್ದ. ಅಷ್ಟೇ. ರುಚಿ ನೋಡುವ ಕೆಲಸ ಅಕ್ಕನದು. ಅವಳು ಸೌಟಿನ ತುದಿಗೆ ನಾಲಿಗೆ ತಾಗಿಸಿ, ಕಣ್ಣು ಕಿರಿದು ಮಾಡಿ, ಇನ್ನೂ ಒಂದು ಹಿಡಿ ಸಕ್ಕರೆ ಅಂದರೆ ಒಂದು ಹಿಡಿ, ಸಾಕು ಅಂದರೆ ಸಾಕು. ಊರಿನ ಪಂಚಾಯ್ತಿಯಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ಮಗಳ ನಾಲಿಗೆಯನ್ನು ಮಾತ್ರ ಕೇಳುತ್ತಿದ್ದ. ಅವಳೂ ಅವನ ಮುಖ ನೋಡಿ ಚೆನ್ನಾಗಿದೆ ಅನ್ನುತ್ತಿರಲಿಲ್ಲ. ಒಂದು ವರ್ಷ ಪೂರಾ ಜಾಡಿಯನ್ನು ಹಸುವಿನ ಕಲಗಚ್ಚಿಗೆ ಸುರಿಸಿದ್ದಳು.

ನಮ್ಮ ಹಣ್ಣನ್ನು ಕೊಳ್ಳುತ್ತಿದ್ದದ್ದು ಆರ್.ಟಿ. ನಗರದ ಕಡೆಯ ಒಬ್ಬ ಹಣ್ಣಿನ ವ್ಯಾಪಾರಿ. ಅವರ ಮಗ ಟೆಂಪೋ ತರುತ್ತಿದ್ದ. ಮನೆಯಲ್ಲಿ ಅವರದು ದಖನಿ ಮಾತು, ನಮ್ಮ ಜೊತೆ ಅಚ್ಚ ಕನ್ನಡ. ತೂಕದಲ್ಲಿ ಹುಡುಗ ಬಂಗಾರ ಎಂದು ಅಪ್ಪನೇ ಹೊಗಳುತ್ತಿದ್ದ. 2008ರ ಸಂಕ್ರಾಂತಿ ಕಳೆದ ಮೇಲೆ, ಬೇಗ ಬಂದ ಹಣ್ಣಿನ ಮೊದಲ ಜಾಡಿ ಹಾಕಿ ಹತ್ತನೇ ದಿನವೋ ಏನೋ, ಅಕ್ಕ ಬೆಳಿಗ್ಗೆ ಎದ್ದು, ಜಾಡಿಗೆ ಕೈಯಾಡಿಸಿ, ಬಟ್ಟೆ ಕಟ್ಟಿ, ಯಲಹಂಕಕ್ಕೆ ಹೋಗಿ ಬರ್ತೀನಿ ಎಂದು ಹೋದಳು. ಆ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು.

ಅಪ್ಪ ಕೂಗಾಡಲಿಲ್ಲ, ದೊಣ್ಣೆ ಹಿಡಿಯಲಿಲ್ಲ. ಜಾತಿಯವರು ಬಂದು ಕಿವಿ ಊದಿದಾಗಲೂ ಸುಮ್ಮನಿದ್ದ. ನನಗೆ ಒಂದೇ ಮಾತು ಹೇಳಿದ: ಅವಳಾಗಿ ಹೋದಳು, ಅವಳಾಗಿ ಬರಲಿ, ನಾವು ಕರೆಯೋದು ಬೇಡ. ಮಿಕ್ಕ ಹನ್ನೊಂದು ದಿನ ಜಾಡಿಗೆ ಅವನೇ ಕೈಯಾಡಿಸಿ, ಅವನೇ ಸೋಸಿದ. ರುಚಿ ನೋಡುವವರಿರಲಿಲ್ಲ. ನಾನು ನೋಡಲಾ ಎಂದು ಕೇಳಿದೆ. ನಿನ್ನ ನಾಲಿಗೆಗೆ ಏನು ಗೊತ್ತಾಗುತ್ತೆ, ಬೀಡಿ ಸೇದೋ ನಾಲಿಗೆ ಅಂದ. ಹೆಂಗಸರು ಬಂದು ಎಲ್ಲ ಒಯ್ದರು. ಒಂದು ಸೀಸೆ ಮಾತ್ರ ಅವನು ಕೊಡಲಿಲ್ಲ. ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಅದಕ್ಕೆ ಅಂಟಿಸಿ, ಇಸವಿ ಬರೆದು, ಮುಚ್ಚಳದ ಸುತ್ತ ಮೇಣದಬತ್ತಿಯ ಮೇಣ ಬಿಟ್ಟು ಅಟ್ಟದ ಮೇಲಿಟ್ಟ.

ಆ ವರ್ಷ ಗೌರಿ ಹಬ್ಬ ಬಂತು. ನಮ್ಮ ಕಡೆ ಗೌರಿ ಹಬ್ಬ ಎಂದರೆ ತವರಿನ ಹಬ್ಬ. ಮದುವೆಯಾದ ಹೆಣ್ಣುಮಕ್ಕಳನ್ನು ಕರೆಯಬೇಕು, ಬರಲಾಗದಿದ್ದರೆ ಸೀರೆ, ಅರಿಶಿನ ಕುಂಕುಮ ಕಳಿಸಬೇಕು. ಬಡವನೂ ಒಂದು ರವಿಕೆ ಬಟ್ಟೆಯನ್ನಾದರೂ ಕಳಿಸುತ್ತಾನೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಬಂದವನು ಏಣಿ ಹಾಕಿ ಅಟ್ಟ ಹತ್ತಿದ. ಸೀಸೆ ಇಳಿಸಿ, ಮೇಣ ಕೆರೆದು, ಮುಚ್ಚಳ ತೆಗೆದು, ಒಂದು ನಿಮಿಷ ಮೂಸಿದ. ಅವಳು ರುಚಿ ನೋಡದೆ ಏನು ಗೊತ್ತಾಗುತ್ತೆ ಎಂದು ಗೋಡೆಗೆ ಹೇಳಿದ. ಮತ್ತೆ ಮುಚ್ಚಿ, ಮೇಣ ಬಿಟ್ಟು, ಮೇಲಿಟ್ಟ.

ಅದು ಅಮ್ಮನ ಪಾಠ. ಜಾಡಿ ಮುಚ್ಚಿಟ್ಟು ಮರೆತರೆ ಬೂಷ್ಟು ಬರುತ್ತದೆ, ಆಗಾಗ ತೆಗೆದು ನೋಡಬೇಕು, ಮೂಸಬೇಕು, ಮತ್ತೆ ಬಟ್ಟೆ ಕಟ್ಟಬೇಕು ಅನ್ನುತ್ತಿದ್ದಳು ಅವಳು. ಹೇಳಿದ್ದು ಮಾವಿನಕಾಯಿಗೆ, ನಿಂಬೆಕಾಯಿಗೆ. ಅಪ್ಪ ಅದನ್ನು ವೈನಿಗೂ ನಡೆಸಿದ. ಪ್ರತಿ ವರ್ಷ ಒಂದು ಸೀಸೆ ಹೆಚ್ಚಾಯಿತು, ಪ್ರತಿ ಗೌರಿ ಹಬ್ಬಕ್ಕೆ ಎಲ್ಲ ಸೀಸೆಗಳೂ ಅಟ್ಟದಿಂದ ಇಳಿದವು, ಮುಚ್ಚಳ ತೆಗೆಸಿಕೊಂಡವು, ಮೂಸಿಸಿಕೊಂಡವು, ಮತ್ತೆ ಮೇಲೆ ಹೋದವು. ವಾಸನೆ ವರ್ಷದಿಂದ ವರ್ಷಕ್ಕೆ ಮೂಗಿಗೆ ಹೊಡೆಯುವ ಹಾಗೆ ಆಯಿತು. ಘಾಟು ಹೆಚ್ಚಿದಷ್ಟೂ ಒಳ್ಳೆಯದಾಗುತ್ತಿದೆ ಎಂದು ಅಪ್ಪ ತಿಳಿದ. ಬೇರೆ ಯಾರಾದರೂ ಒಂದು ಚಮಚ ಬಾಯಿಗೆ ಹಾಕಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಆದರೆ ಅದು ಅಕ್ಕನ ಪಾಲು, ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ.

ನಾನೇನು ಸಾಚಾ ಅಲ್ಲ. 2009ರಲ್ಲಿ ಒಂದು ಮಧ್ಯಾಹ್ನ ಮನೆಯ ಫೋನ್ ರಿಂಗಾಯಿತು. ನಾನೇ ಎತ್ತಿದೆ. ಅಕ್ಕ. ಹೆಣ್ಣು ಮಗು ಕಣೋ, ಅಪ್ಪಂಗೆ ಹೇಳು ಅಂದಳು. ಧ್ವನಿಯಲ್ಲಿ ಶಕ್ತಿಯೇ ಇರಲಿಲ್ಲ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಅವಳು ಅದನ್ನು ಬಾಯಿ ಬಿಟ್ಟು ಕೇಳಲಿಲ್ಲ, ಸುಮ್ಮನೆ ಕಾದಳು. ಅಪ್ಪ ಬಾಗಿಲಲ್ಲಿ ಕೂತು ಆ ವರ್ಷದ ಸೀಸೆಗೆ ಬೂದಿ ಹಾಕಿ ಉಜ್ಜುತ್ತಿದ್ದ. ನಾನು ಅವನ ಮುಖ ನೋಡಿದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಫೋನ್ ಇಟ್ಟುಬಿಟ್ಟೆ. ಅಪ್ಪನೇನು ಕತ್ತಿ ಹಿಡಿದು ನಿಂತಿರಲಿಲ್ಲ. ಇಪ್ಪತ್ಮೂರು ವರ್ಷದ ಗಂಡಸು ನಾನು, ಅಭಿನಂದನೆ ಕಣೇ ಎಂದು ಒಂದು ಮಾತು ಹೇಳಿ ಇಡಬಹುದಾಗಿತ್ತು.

ಆಮೇಲಿನ ವರ್ಷಗಳು ಹಾಗೇ ಹೋದವು. ತೋಟ ಅಪಾರ್ಟ್‌ಮೆಂಟಿನವರ ಪಾಲಾಯಿತು. ಅಕ್ಕ ಹೋದ ಮೇಲೆ ಅಪ್ಪನಿಗೆ ಆ ತೋಟದಲ್ಲಿ ಮನಸ್ಸೂ ಇರಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಬಳ್ಳಿ ಉಳಿಸಿಕೊಂಡ, ವರ್ಷಕ್ಕೆ ಒಂದು ಜಾಡಿಗೆ ಸಾಕಾಗುವಷ್ಟು. ನಾನು ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದೆ, ಮದುವೆಯಾದೆ. ಮದುವೆಯ ಮಾರನೇ ವಾರ ಆರ್.ಟಿ. ನಗರದಿಂದ ಬಂದ ಗಾರೆ ಮೇಸ್ತ್ರಿಯೊಬ್ಬ ಒಂದು ಚೀಟಿ ಕೊಟ್ಟ. ಅಕ್ಕನ ಮೊಬೈಲ್ ನಂಬರು, ಕೆಳಗೆ 'ಚೆನ್ನಾಗಿರು' ಎಂದು ಅವಳ ಕೈಬರಹ. ನಂಬರನ್ನು ಫೋನಿನಲ್ಲಿ 'ಪೈಪ್ ಸಪ್ಲೈಯರ್' ಎಂದು ಸೇವ್ ಮಾಡಿಕೊಂಡೆ. ಅಪ್ಪ ಓದಬಾರದು ಅಂತ. ಅಪ್ಪನಿಗೆ ಮೊಬೈಲ್ ನೋಡಲು ಬರುತ್ತಲೇ ಇರಲಿಲ್ಲ. ನಾಲ್ಕು ವರ್ಷ ಆ ಪೈಪ್ ಸಪ್ಲೈಯರಿಗೆ ನಾನು ಒಂದು ಸಲವೂ ಫೋನ್ ಮಾಡಲಿಲ್ಲ.

2018ರ ಶಿವರಾತ್ರಿಯ ಹೊತ್ತಿಗೆ ಅಪ್ಪ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿದ್ದ. ಆ ವರ್ಷ ಜಾಡಿ ಹಾಕಲಿಲ್ಲ. ಎದೆ ಸೋತಿದೆ, ಮೆಟ್ಟಿಲು ಹತ್ತಿಸಬೇಡಿ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮನೆಗೆ ಬಂದವನು ಹಿತ್ತಲಿನ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ಗೌರಿ ಹಬ್ಬಕ್ಕೆ ಇನ್ನು ಎರಡು ದಿನ ಇದೆ ಅನ್ನುವಾಗ ನನ್ನನ್ನು ಕರೆದು, ಈ ಸಲ ನೀನೇ ಹತ್ತಿ ಸೀಸೆ ಇಳಿಸಬೇಕು ಅಂದ.

ಎಲ್ಲಿದೆ, ಹೇಗಿದೆ ನೋಡಿ ಬರೋಣ ಎಂದು ಅವತ್ತೇ ಅಟ್ಟ ಹತ್ತಿದೆ. ಹತ್ತು ವರ್ಷದಲ್ಲಿ ನಾನು ಅಲ್ಲಿಗೆ ಕೈ ಹಾಕಿದ್ದು ಅದೇ ಮೊದಲು. ಶೀಟಿಗೆ ತಲೆ ತಾಗುವಷ್ಟು ಜಾಗ. ಹತ್ತು ಸೀಸೆ ಸಾಲಾಗಿ ನಿಂತಿದ್ದವು, ಇಸವಿ ಬರೆದ ಪಟ್ಟಿ ಎಲ್ಲವೂ ಮುಂದಕ್ಕೆ. ಮುಟ್ಟಿದರೆ ಸ್ನಾನದ ನೀರಿನಷ್ಟು ಬಿಸಿ. ಹಳೆಯ ಸೀಸೆಗಳಲ್ಲಿ ರಸ ಕುತ್ತಿಗೆಯಿಂದ ಹೊಟ್ಟೆಗೆ ಇಳಿದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಪ್ಪನ ಮೇಲೆ, ಆ ಸೀಸೆಗಳ ಮೇಲೆ, ನನ್ನ ಮೇಲೆ. ಕೆಳಗಿಳಿದಾಗ ಹೆಂಡತಿ ನನ್ನ ಮುಖ ನೋಡಿ, ಒಂದು ಫೋನ್ ಮಾಡೋಕೆ ಅಪ್ಪ ಮಗ ಇಬ್ಬರಿಗೂ ಏನು ಬಂದಿದೆ ರೋಗ ಎಂದು ಕೇಳಿದಳು. ಅಕ್ಕನನ್ನು ಒಂದು ದಿನವೂ ನೋಡದ ಹೆಂಗಸು ಅವಳು.

ಅಂಗಡಿಗೆ ಹೋಗಿ ಶಟರ್ ಅರ್ಧ ಎಳೆದು ಫೋನ್ ಮಾಡಿದೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಅಪ್ಪನ ಕಾಯಿಲೆಯ ವಿಷಯ ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಪ್ಪ ಕರೆದ್ನಾ?"

"ಹೂಂ," ಅಂದೆ. "ಅಪ್ಪನೇ ಬಾ ಅಂದ."

ಅಷ್ಟು ಸಲೀಸಾಗಿ ಬಂತು ಸುಳ್ಳು.

ಹಬ್ಬದ ದಿನ ಹನ್ನೊಂದು ಗಂಟೆಗೆ ಆಟೋದಲ್ಲಿ ಒಬ್ಬಳೇ ಬಂದಳು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಖರ್ಜೂರದ ಡಬ್ಬಿ. ದಪ್ಪ ಆಗಿದ್ದಳು, ಅಮ್ಮನ ಹಾಗೇ ಕಾಣುತ್ತಿದ್ದಳು. ಬಡಾವಣೆಯಾದ ಊರಿನಲ್ಲಿ ಮನೆ ಸಿಗದೆ ಮೂರು ಬೀದಿ ಸುತ್ತಿದಳಂತೆ. ಹೆಂಡತಿ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಎದುರಿನ ಕಲ್ಲು ಚಪ್ಪಡಿಯ ಮೇಲೆ ನಾನು ಬೆಳಿಗ್ಗೆ ಇಳಿಸಿಟ್ಟ ಹತ್ತು ಸೀಸೆಗಳು. ಅಪ್ಪ ಅವಳನ್ನು ನೋಡಿದ. ಈಗ ಬಾ ಅನ್ನುತ್ತಾನೆ, ಬಾರವ್ವ ಅನ್ನುತ್ತಾನೆ ಎಂದು ನಾನು ಕಾಯುತ್ತಾ ನಿಂತಿದ್ದೆ.

"ರುಚಿ ನೋಡ್ತೀಯಾ?" ಅಂದ.

ಹತ್ತು ವರ್ಷದ ಮೇಲೆ ಮಗಳಿಗೆ ಅವನು ಆಡಿದ ಮೊದಲ ಮಾತು ಅದು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ನಾನು ನೆಲ ನೋಡಿದೆ. ಅವಳು ಕೆಳದನಿಯಲ್ಲಿ, ಅಪ್ಪಾ, ನಮ್ಮನೇಲಿ ಇದನ್ನೆಲ್ಲ ಮುಟ್ಟಲ್ಲ, ನಾನೂ ಬಿಟ್ಟು ಹತ್ತು ವರ್ಷ ಆಯ್ತು ಎಂದು ಹೇಳಿದಳು. ಅಪ್ಪನಿಗೆ ಕೇಳಿಸಿತೋ ಇಲ್ಲವೋ. ಅವನು ಆಗಲೇ ಚಾಕುವಿನಿಂದ ಒಂದು ಮುಚ್ಚಳದ ಮೇಣ ಕೆರೆಯುತ್ತಿದ್ದ. ಅಕ್ಕ ಸೀಸೆಗಳ ಮೇಲಿನ ಇಸವಿಗಳನ್ನು ಒಂದೊಂದಾಗಿ ಓದಿದಳು. ಹೇಳಿಕೊಡಬೇಕಾದ್ದೇನೂ ಇರಲಿಲ್ಲ, ಅವಳಿಗೆ ಅರ್ಥವಾಯಿತು. ಚಪ್ಪಡಿಯ ಪಕ್ಕ ನೆಲದ ಮೇಲೇ ಕೂತಳು, ಒಳಗಿನಿಂದ ಹಳೆಯ ಮರದ ಸೌಟು ತಾ ಎಂದು ನನಗೆ ಹೇಳಿದಳು.

2017ರ ಸೀಸೆ ಮೊದಲು. ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಕಣ್ಣಿಗೆ ನೀರು ತರಿಸಿತು. ಅಪ್ಪ ಹೆಮ್ಮೆಯಿಂದ ನಮ್ಮಿಬ್ಬರನ್ನೂ ನೋಡಿದ. ಅಕ್ಕ ಸೌಟಿಗೆ ನಾಲ್ಕು ಹನಿ ಹಾಕಿಕೊಂಡಳು. ತುಟಿಯಲ್ಲಿ ಏನೋ ಮಣಮಣ ಅಂದುಕೊಂಡಳು, ಯಾವ ದೇವರನ್ನು ನೆನೆದಳೋ ನನಗೆ ಕೇಳಲಿಲ್ಲ. ನಾಲಿಗೆಗೆ ತಾಗಿಸಿ ಕಣ್ಣು ಕಿರಿದು ಮಾಡಿದಳು. ಥೇಟ್ ಹದಿನೆಂಟರ ಹುಡುಗಿಯ ಮುಖ. ಸೌಟನ್ನು ನನಗೆ ದಾಟಿಸಿದಳು. ಬಾಯಿಗೆ ಹಾಕಿದೆ, ಹಲ್ಲು ಜುಂ ಅಂದವು. ನಾನು ಆಗೀಗ ಬೀರು ಕುಡಿಯುವವನು, ಮಹಾ ರುಚಿ ಬಲ್ಲವನಲ್ಲ. ಆದರೂ ಅದರಲ್ಲಿ ವೈನೆಂಬುದು ಒಂದು ಗುಟುಕೂ ಉಳಿದಿಲ್ಲವೆಂದು ಗೊತ್ತಾಯಿತು.

ಹೇಗಿದೆ ಎಂದು ಅಪ್ಪ ಕೇಳಿದ. ಚೆನ್ನಾಗಿದೆ ಅಂದುಬಿಡು ಎಂದು ನಾನು ಅಕ್ಕನಿಗೆ ಕಣ್ಣಲ್ಲೇ ಕೇಳಿಕೊಂಡೆ. ಅವಳಿಗೆ ಆ ಅಭ್ಯಾಸ ಇಲ್ಲ.

"ಹುಳಿ ಹೊಡ್ದಿದೆ ಅಪ್ಪ."

ಇದು ಎಳೆಯದು, ಹಳೆಯದನ್ನು ನೋಡು ಅಂದ ಅಪ್ಪ. ಹದಿನಾರರದು, ಹದಿನೈದರದು, ಎರಡೂ ಹಾಗೇ. ಹದಿನಾಲ್ಕರ ಸೀಸೆಯಲ್ಲಿ ಮೇಲೆ ತೆಳ್ಳಗೆ ಬಿಳಿ ಪೊರೆ, ಹಿಂದಿನ ದಿನದ ಗಂಜಿಯ ಮೇಲೆ ಕಟ್ಟುವಂಥದ್ದು. ಅದನ್ನು ಸರಿಸಿ ನೋಡಿದಳು. ಹದಿಮೂರರದು ಬಾಯಿಗೆ ಹಾಕಿದ ಕೂಡಲೇ ಕೆಮ್ಮು. ಒಂದೊಂದಕ್ಕೂ ಬಾಯಿ ಮುಕ್ಕಳಿಸಿ ಬಳ್ಳಿಯ ಬುಡಕ್ಕೆ ಉಗಿದಳು, ಒಂದೊಂದಕ್ಕೂ ನನಗೆ ಸೌಟು ದಾಟಿಸಿದಳು, ಒಂದೊಂದಕ್ಕೂ ಅಪ್ಪ ಅದೇ ಪ್ರಶ್ನೆ ಕೇಳಿದ. ಹನ್ನೊಂದರದು ಬಣ್ಣ ಬಿಟ್ಟು ಹುಣಸೆ ನೀರಿನ ಹಾಗಾಗಿತ್ತು. ಅಷ್ಟರಲ್ಲಿ ಅಪ್ಪನ ಮುಖದ ಹೆಮ್ಮೆ ಎಲ್ಲ ಇಳಿದು ಹೋಗಿತ್ತು. ಆದರೂ ಅವನು ಮುಂದಿನ ಮುಚ್ಚಳ ಕೆರೆಯುವುದನ್ನು ನಿಲ್ಲಿಸಲಿಲ್ಲ.

ಸಾಕು ಬಿಡಪ್ಪ ಅಂದಳು ಅಕ್ಕ. ಅವಳ ತುಟಿ ಕೆಂಪಾಗಿ ಉರಿ ಎದ್ದಿತ್ತು.

"ಎಂಟ್ನೇ ಇಸ್ವಿದು ಐತಲ್ಲವ್ವ," ಅಂದ ಅಪ್ಪ. "ನೀನೇ ಇಸುಕಿದ್ದು. ಅದು ಓಗಿರಲ್ಲ."

ಆ ಸೀಸೆಯನ್ನು ಅವನು ಎಲ್ಲಕ್ಕಿಂತ ಹಿಂದೆ, ತನ್ನ ಕುರ್ಚಿಯ ಕಾಲಿನ ಹತ್ತಿರ ಇರಿಸಿಕೊಂಡಿದ್ದ. ಅರ್ಧಕ್ಕಿಂತ ಕೆಳಗೆ ಇಳಿದಿತ್ತು ರಸ. ಮುಚ್ಚಳ ತೆಗೆದರೆ ಏನೂ ವಾಸನೆಯಿಲ್ಲ. ನನಗೆ ಒಂದು ಗಳಿಗೆ ಆಸೆ ಹುಟ್ಟಿದ್ದು ನಿಜ. ಹುಳಿ ವಾಸನೆ ಇಲ್ಲ ಅಂದರೆ ಉಳಿದಿರಬಹುದು, ಇದೊಂದು ಉಳಿದಿದ್ದರೆ ಸಾಕು ದೇವರೇ ಅಂದುಕೊಂಡೆ. ಅಪ್ಪ ಮುಂದಕ್ಕೆ ಬಾಗಿದ್ದ. ಅಕ್ಕ ನಾಲಿಗೆಗೆ ತಾಗಿಸಿದಳು, ಇನ್ನೊಂದು ಸಲ ಹಾಕಿಕೊಂಡಳು, ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಅಷ್ಟು ಹೊತ್ತು ಅವಳು ಯಾವುದಕ್ಕೂ ತೆಗೆದುಕೊಂಡಿರಲಿಲ್ಲ.

"ಏನೂ ಇಲ್ಲ ಅಪ್ಪ ಇದ್ರಲ್ಲಿ," ಅಂದಳು. "ಹುಳೀನೂ ಇಲ್ಲ."

ನಾನೂ ನೋಡಿದೆ. ಮೊಳೆ ನೆನೆಹಾಕಿದ ನೀರು. ಹುಳಿಯಾದರೂ ಇದ್ದಿದ್ದರೆ ಏನೋ ಒಂದು ಇದೆ ಅನ್ನಬಹುದಿತ್ತು.

ಹೇಗೆ ಹೀಗಾಯಿತು, ಸೋಸಿದ್ದು ಸರಿಯಿರಲಿಲ್ಲವಾ, ಸೀಸೆ ಒದ್ದೆಯಿತ್ತಾ ಎಂದು ಅಕ್ಕ ನನ್ನನ್ನು ಕೇಳಿದಳು. ಪ್ರತಿ ಗೌರಿ ಹಬ್ಬಕ್ಕೆ ಅಪ್ಪ ಎಲ್ಲವನ್ನೂ ಇಳಿಸಿ, ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿಡುತ್ತಿದ್ದ ಎಂದು ಹೇಳಿದೆ. ಅವಳು ಮೊದಲು ನಕ್ಕಳು. ಅಮ್ಮನ ಉಪ್ಪಿನಕಾಯಿ ಜಾಡಿ ನೆನಪಾಗಿರಬೇಕು. ಆಮೇಲೆ ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

"ಗಾಳಿ ಆಡಿಸಿ ಆಡಿಸಿ ನೀನೇ ಕೆಡಿಸಿದ್ದೀಯ ಅಪ್ಪ. ಹತ್ತ್ ಸಲ ಮೂಸೋ ಬದ್ಲು ಒಂದ್ ಸಲ ಫೋನ್ ಮಾಡ್ಬಾರ್ದಾಗಿತ್ತಾ?"

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆ ಕ್ಷಣ ಅವನನ್ನು ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಕ್ಕನಿಗೂ ಹಾಗೇ ಆಗಿರಬೇಕು. ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, ಧ್ವನಿ ಬದಲಿಸಿ, ಕೆಟ್ಟಿದ್ದೇ ಒಳ್ಳೆಯದಾಯಿತು ಎಂದು ಹೇಳತೊಡಗಿದಳು. ವೈನಾಗಿದ್ದರೆ ಅವಳು ಮನೆಯೊಳಗೆ ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ಇದು ಈಗ ಸಿರ್ಕಾ, ಅಂದರೆ ವಿನೆಗರ್. ಅವಳ ಮನೆಯಲ್ಲಿ ಊಟಕ್ಕೆ ಈರುಳ್ಳಿ ಹೆಚ್ಚಿ ಸಿರ್ಕಾದಲ್ಲಿ ಹಾಕುತ್ತಾರೆ, ಅತ್ತೆಗೂ ಇಷ್ಟ. ಒಂಬತ್ತು ಸೀಸೆಯನ್ನೂ ಕೊಡು, ತವರಿಂದ ಬಂದಿದ್ದು ಅಂತ ಹೇಳಿ ವರ್ಷವೆಲ್ಲ ಬಳಸುತ್ತೇನೆ ಅಂದಳು. ಸೀಸೆಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿ ತಿರುಗಿಸತೊಡಗಿದಳು.

ನನಗೆ ಜೀವ ಬಂದ ಹಾಗಾಯಿತು. ಕೈಚೀಲ ತರಲು ಎದ್ದೆ.

"ಕೆಟ್ಟೋಗಿರೋದ್ನ ತವರಿಂದ ಮಗಳ ಮಡ್ಲಿಗೆ ಆಕ್ತಾರಾ?" ಅಂದ ಅಪ್ಪ. "ಚೆಲ್ಲೋ ಅದ್ನೆಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿಯ ಜಂಬ. ಅಕ್ಕ ಬೇಡಿಕೊಂಡಳು. ಒಂದನ್ನಾದರೂ ಬಿಡು ಅಂದಳು. ಅವನು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಆಗಲೂ ನಾನು ಗಂಡಸಾಗಲಿಲ್ಲ. ಫೋನ್ ಇಟ್ಟ ಕೈಯೇ ಸೀಸೆ ಎತ್ತಿತು. ಒಂಬತ್ತು ಸೀಸೆ ರಸವನ್ನು ಹಿತ್ತಲಿನ ಮೋರಿಗೆ ಸುರಿದೆ, ಒಂದೊಂದನ್ನೂ ಬೋರಲು ಹಾಕಿ ಕೊನೆಯ ಹನಿ ಬೀಳುವವರೆಗೂ ಹಿಡಿದುಕೊಂಡು ನಿಂತೆ. ಆ ಹುಳಿ ವಾಸನೆ ಎರಡು ದಿನ ಹಿತ್ತಲು ಬಿಟ್ಟು ಹೋಗಲಿಲ್ಲ.

ಅಕ್ಕ ಎದ್ದು ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಅಪ್ಪನ ಕುರ್ಚಿಯ ಮುಂದೆ ಬಂದಳು. ನೀನು ಕರೆದೆ ಎಂದು ಇವನು ಹೇಳಿದ್ದಕ್ಕೆ ಬಂದೆ, ಅದು ನಿಜವಾ ಎಂದು ಕೇಳಿದಳು. ಅಪ್ಪ ಬಗ್ಗಿ ಕುರ್ಚಿಯ ಕಾಲಿನ ಹತ್ತಿರದ ಸೀಸೆಯನ್ನು ಎತ್ತಿಕೊಂಡ. ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಹೋಗ್ಲಿ ಬಿಡು. ಈಗ ಒಂದ್ ಸಲ ಬಾ ಅನ್ನು ಸಾಕು. ಮುಂದಿನ್ ಹಬ್ಬಕ್ಕೂ ಬರ್ತೀನಿ, ಮಕ್ಕಳನ್ನೂ ಕರ್ಕೊಂಡ್ ಬರ್ತೀನಿ."

ಅಪ್ಪನ ಕೈಯಲ್ಲಿ 2008ರ ಸೀಸೆ ಇತ್ತು. ಅದೊಂದನ್ನು ಅವನು ನನಗೆ ಚೆಲ್ಲಲು ಕೊಟ್ಟಿರಲಿಲ್ಲ. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿದ. ಮೇಲೆ ಚಪ್ಪರದ ಕಡೆ ನೋಡಿದ.

"ಈ ಸಲ ಅಣ್ಣು ಚೆನ್ನಾಗ್ ಬಂದೈತೆ," ಅಂದ.

ಅಕ್ಕನೂ ಒಂದು ಸಲ ತಲೆ ಎತ್ತಿ ಚಪ್ಪರ ನೋಡಿದಳು. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಿ ಒಳಗೆ ಹೋದಳು. ಹೆಂಡತಿ ಒಂದು ರವಿಕೆ ಬಟ್ಟೆ, ನಾಲ್ಕು ಒಬ್ಬಟ್ಟು ಕೊಟ್ಟಳು. ಅದನ್ನು ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಂಡಳು. ಆಟೋ ಹತ್ತುವಾಗ ನನ್ನ ಹೆಗಲು ತಟ್ಟಿ, ನೀನೂ ಅವನ ಹಂಗೇ ಆಗ್ಬೇಡ ಕಣೋ ಎಂದು ಹೇಳಿದಳು. ನಾನು ವಾಪಸು ಬರುವಷ್ಟರಲ್ಲಿ ಅಪ್ಪ ಮೇಣದಬತ್ತಿ ಹಚ್ಚಿಸಿಕೊಂಡು ಕೂತಿದ್ದ. ಮುಚ್ಚಳಕ್ಕೆ ಮೇಣ ಬಿಟ್ಟು, ಅಟ್ಟಕ್ಕೆ ಇಡು ಎಂದು ಸೀಸೆಯನ್ನು ನನ್ನ ಕೈಗೆ ಕೊಟ್ಟ. ಇಟ್ಟೆ.

2019ರ ಸಂಕ್ರಾಂತಿಯಾದ ಎರಡನೇ ವಾರ ಅಪ್ಪ ಹೋದ. ಬೆಳಿಗ್ಗೆಯೇ ಹೋದ, ಮಧ್ಯಾಹ್ನ ಎತ್ತಿದೆವು. ನೆಂಟರೆಲ್ಲ ಸುತ್ತ ನಿಂತಿದ್ದರು, ಯಾರು ಏನು ಅನ್ನುತ್ತಾರೋ ಎಂದು ಫೋನ್ ಜೇಬಿನಿಂದ ತೆಗೆಯಲಿಲ್ಲ. ಎಲ್ಲ ಮುಗಿದು ಸಂಜೆ ಮನೆಗೆ ಬಂದ ಮೇಲೆ ಮಾಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಮಣ್ಣಾಯ್ತಾ ಎಂದು ಕೇಳಿದಳು. ಆಯಿತು ಅಂದೆ. ಸರಿ, ಇಡು ಅಂದಳು. ನಾನು ಇಡುವ ಮೊದಲು ಅವಳೇ ಇಟ್ಟಳು.

ಆ ವರ್ಷದ ಗೌರಿ ಹಬ್ಬದ ಬೆಳಿಗ್ಗೆ ಹೆಂಡತಿ ಪೂಜೆಗೆ ಅಣಿ ಮಾಡುತ್ತಿದ್ದಳು. ಅಕ್ಕನನ್ನು ಕರೆಯಿರಿ ಎಂದು ವಾರದಿಂದ ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ತಡೆಯುವವರು ಈಗ ಯಾರೂ ಇರಲಿಲ್ಲ. ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಸೀಸೆ ಒಂದೇ ನಿಂತಿತ್ತು. ಅಲ್ಲೇ ಬಗ್ಗಿ ಕೂತು ಫೋನ್ ತೆಗೆದು ಪೈಪ್ ಸಪ್ಲೈಯರ್ ಹೆಸರಿನವರೆಗೆ ಹೋದೆ. ಅಪ್ಪ ಕರೆದ ಎಂದು ಇನ್ನೊಂದು ಸಲ ಸುಳ್ಳು ಹೇಳಲು ಅಪ್ಪ ಇಲ್ಲ. ನಾನು ಕರೆಯುತ್ತಿದ್ದೇನೆ ಎಂದು ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ? ಫೋನ್ ಇಟ್ಟುಬಿಟ್ಟವನು ನಾನು, ಮೋರಿಗೆ ಸುರಿದವನು ನಾನು, ಹೆಣ ಎತ್ತಿದ ಮೇಲೆ ತಿಳಿಸಿದವನು ನಾನು. ನಾಚಿಕೆಗೆ ಬೆರಳು ಮುಂದಕ್ಕೆ ಹೋಗಲಿಲ್ಲ.

ಫೋನನ್ನು ಜೇಬಿಗೆ ಹಾಕಿಕೊಂಡೆ. ಉಗುರಿನಿಂದ ಮೇಣ ಕೆರೆದು, ಮುಚ್ಚಳ ತೆಗೆದು ಮೂಸಿದೆ. ಏನೂ ವಾಸನೆ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದ್ರಾ ಎಂದು ಹೆಂಡತಿ ಕೆಳಗಿನಿಂದ ಕೇಳಿದಳು. ಮಾಡ್ತೀನಿ ಇರು ಅಂದು, ಒಂದು ಮೇಣದಬತ್ತಿ ಕೊಡು ಎಂದು ಕೈ ಚಾಚಿದೆ.